ತಮ್ಮನ ಹೆಸರಿನ ಲೈಸೆನ್ಸ್

ಹದಿನಾಲ್ಕು ನಂಬರಿನ ಒಂದು ಪಾನಾ ಸಲುವಾಗಿ ಹೈದರಸಾಬ ಒಮ್ಮೆ ಹುಲುಗಪ್ಪನ ಕೊರಳಪಟ್ಟಿ ಹಿಡಿದಿದ್ದ. ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಗ್ಯಾರೇಜು. ಹೈದರಸಾಬನದು ಟ್ರ್ಯಾಕ್ಟರ್, ಹುಲುಗಪ್ಪನದು ಮೋಟರ್ ಸೈಕಲ್ಲು. ಸ್ಪ್ಯಾನರಿಗೆ ಅಲ್ಲಿ ಎಲ್ಲರೂ ಪಾನಾ ಅನ್ನುತ್ತಾರೆ. ಹೈದರಸಾಬನ ಪ್ರತಿ ಪಾನಾದ ಮೇಲೂ ಸೆಂಟರ್ ಪಂಚಿನಿಂದ ಹೊಡೆದ ಮೂರು ಚುಕ್ಕಿ ಇರುತ್ತವೆ. ಹೊಸದು ಬಂದರೆ ಮೊದಲು ಚುಕ್ಕಿ, ಆಮೇಲೆ ಬೋಲ್ಟು. ಆ ಚುಕ್ಕಿ ಹುಲುಗಪ್ಪನ ಪೆಟ್ಟಿಗೆಯಲ್ಲಿ ಕಂಡ ದಿನ ಬೀದಿಯ ಮಂದಿಯೆಲ್ಲ ಕೂಡಿತು.

“ಒಂದು ಪಾನಾಕ್ಕ ಇಷ್ಟು ರಂಪ ಮಾಡ್ತಿಯಲ್ಲೋ ಸಾಬಾ!” ಅಂದ ಹುಲುಗಪ್ಪ.

“ಪಾನಾದ ಮಾತಲ್ಲಲೇ. ಗುರುತು ಇರೋ ಹತ್ಯಾರ ಯಾರದು ಅಂತ ಕೇಳೋ ಹಂಗ ಇರಬಾರದು,” ಅಂದ ಹೈದರಸಾಬ. ನಿಂತವರೆಲ್ಲ ಹೌದೌದು ಅಂದರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಯಾರೋ ಗಾದೆಯನ್ನೂ ಸೇರಿಸಿದರು. ಇಂಥ ಮನುಷ್ಯನ ಮನೆಯಲ್ಲೇ ಹೀಗಾಯಿತು ಅನ್ನುವುದಕ್ಕೇ ಈ ಕತೆ ಹೇಳಬೇಕಾಗಿದೆ.

ಮನೆಯಲ್ಲಿ ನಾಲ್ಕು ಜನ. ಹೈದರಸಾಬ, ಹೆಂಡತಿ ಜುಬೇದಾ ಬೀ, ಮಗಳು ಮೆಹನಾಜ, ಮಗ ಖಲಂದರ. ಹೈದರಸಾಬನ ಅಪ್ಪ ಊರೂರು ತಿರುಗಿ ಹತ್ತಿ ಬಡಿದು ಗಾದಿ ತುಂಬುತ್ತಿದ್ದವನು. ಮಗ ಕಬ್ಬಿಣ ಹಿಡಿದ, ಮೊಮ್ಮಗಳು ಕಂಪ್ಯೂಟರ್ ಹಿಡಿದಳು. ಊರಿನ ಕಾಲೇಜಿನಲ್ಲೇ ಬಿಸಿಎ ಮುಗಿಸಿದ ಮೆಹನಾಜ ಎರಡು ವರ್ಷದಿಂದ ಮನೆಯಲ್ಲೇ ಕೂತು ನಾಗೇಂದ್ರಪ್ಪನಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದಳು. ನಾಗೇಂದ್ರಪ್ಪನದು ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿನ ಆಫೀಸು. ಗೊಬ್ಬರ-ಬೀಜದ ಅಂಗಡಿಗಳಿಗೆ ಸ್ಟಾಕು, ಬಿಲ್ಲು ನೋಡಿಕೊಳ್ಳುವ ಪ್ರೋಗ್ರಾಂ ಮಾರುತ್ತಿದ್ದ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ಮೂವತ್ತು ಅಂಗಡಿಗಳಲ್ಲಿ ಅದು ಓಡುತ್ತಿತ್ತು. ಅದನ್ನೀಗ ಬುಡದಿಂದ ಹೊಸದಾಗಿ ಬರೆಯಬೇಕಿತ್ತು. “ಮುಂಗಾರಿಗೆ ಮುಂಚೆ ಮುಗಿಸವ್ವಾ. ಮುಗೀತಂದ್ರ ಆಫೀಸಿನಾಗ ಕಾಯಂ ಕುರ್ಚಿ ನಿಂದೇ, ತಿಂಗಳ ಪಗಾರ,” ಎಂದು ಅವನು ಫೋನಿನಲ್ಲಿ ಹೇಳಿದ್ದ. ಆ ಕುರ್ಚಿಯ ಮಾತು ಮೆಹನಾಜಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳದೇ ಅನ್ನುವ ಒಂದು ಕುರ್ಚಿ ಎಲ್ಲೂ ಇರಲಿಲ್ಲ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುತ್ತಿದ್ದಳು. ಯಾರಾದರೂ ಮಲಗಲು ಬಂದರೆ ಎದ್ದು ಅಡುಗೆಮನೆಯ ಮೆಟ್ಟಿಲಿಗೆ ಹೋಗುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಸಂಜೆ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಇದ್ದವು.

“ಅಪ್ಪಾ, ನಾಗೇಂದ್ರಪ್ಪನೋರು ಒಂದು ಕಟ್ಟಳೆ ಹಾಕ್ಯಾರ. ಕದ್ದ ಸಾಫ್ಟ್‌ವೇರಿನಾಗ ಬರದದ್ದು ಇನ್ನ ಮ್ಯಾಲ ಮುಟ್ಟಂಗಿಲ್ಲಂತ. ನಾನು ಕೋಡ್ ಬರಿಯೋ ಎಡಿಟರ್ ಐತಲ್ಲ, ಅದು ಕದ್ದದ್ದು.”

ಹೈದರಸಾಬನ ಕೈಯ ತುತ್ತು ಅಲ್ಲೇ ನಿಂತಿತು. “ಕದ್ದದ್ದಾ? ನಮ್ಮನ್ಯಾಗ?”

“ಇವ ಹಾಕಿಕೊಟ್ಟಾನ,” ಎಂದು ತಮ್ಮನ ಕಡೆ ತೋರಿಸಿದಳು.

ಖಲಂದರ ನಕ್ಕ. ಎಂಜಿನಿಯರಿಂಗ್ ಕೊನೆಯ ವರ್ಷ, ದಿನಾ ಬಸ್ಸಿಗೆ ಹೋಗಿ ಬರುವ ಹುಡುಗ. ನಕ್ಕರೆ ಅವ್ವನಿಗೆ ಏಳು ವಿಷಯ ಫೇಲಾಗಿ ಬಾಕಿ ಇದ್ದದ್ದು ಕೂಡ ಮರೆತುಹೋಗುತ್ತಿತ್ತು. “ಇಡೀ ಕಾಲೇಜು ಹಂಗೇ ಮಾಡ್ತೈತೆಪ್ಪಾ. ಇದು ಯಾರದೋ ಮನಿಗೆ ಕನ್ನ ಕೊರದಂಗಲ್ಲ.”

“ಖರೇದು ಕೊಳ್ಳಾಕ ಏನು ಬೀಳ್ತೈತಿ?” ಅಂದ ಹೈದರಸಾಬ.

“ವರ್ಷಕ್ಕ ಹನ್ನೆರಡು ಸಾವಿರದ ಮ್ಯಾಲ.”

“ವರ್ಷಕ್ಕ? ಅಂದ್ರ ಮುಂದಿನ ವರ್ಷ ಮತ್ತ?”

“ಹೂಂ. ಕಟ್ಟದಿದ್ರ ಬಂದ್ ಆಗ್ತೈತಿ.”

ಹೈದರಸಾಬನಿಗೆ ಇದು ತಲೆಗೇ ಹತ್ತಲಿಲ್ಲ. “ನಾನು ತಗೊಂಡ ಪಾನಾ ಸೆಟ್ಟಿಗೆ ಇಪ್ಪತ್ತೆರಡು ವರ್ಷ. ಮಾರಿದ ಅಂಗಡ್ಯಾವ ಸತ್ತು ಹೋಗ್ಯಾನ, ಪಾನಾ ಇನ್ನೂ ಬೋಲ್ಟ್ ಬಿಚ್ತೈತಿ. ಹತ್ಯಾರಕ್ಕ ಬಾಡಿಗಿ ಕಟ್ಟಿ ದುಡಿಯೋದು ಯಾವ ನಮೂನಿ ದುಡಿಮಿನೋ!”

“ಅದಕ್ಕ ಪುಕ್ಕಟೆದು ಒಂದೈತೆಪ್ಪಾ,” ಅಂದಳು ಮೆಹನಾಜ. “ಸಣ್ಣ ಎಡಿಟರ್ರು. ನಮ್ಮ ಹಳೇ ಲ್ಯಾಪ್‌ಟಾಪಿಗೂ ಹಗುರ. ದುಡಿಮಿಗೂ ಬಳಸಬೌದು, ಯಾರೂ ಕೇಳಂಗಿಲ್ಲ. ಆದ್ರ ಈಗಿಂದು ತಪ್ಪಾದಲ್ಲೇ ಕೆಂಪು ಗೆರಿ ಹಾಕಿ ತೋರಿಸ್ತೈತಿ, ಅರ್ಧ ಕೆಲಸ ತಾನೇ ಮಾಡ್ತೈತಿ. ಪುಕ್ಕಟೆದರಾಗ ಎಲ್ಲ ಕೈಲೇ ಜೋಡಿಸ್ಕೋಬೇಕು. ಹದಿನೈದು ದಿನ ಕೈ ಕೂರಬೇಕು, ಅಷ್ಟೇ.”

ಅಷ್ಟೇ ಅಂದದ್ದನ್ನು ಯಾರಾದರೂ ಕೇಳಿಸಿಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಖಲಂದರನ ಬಾಯಿ ಸುಮ್ಮನಿರಬೇಕಲ್ಲ. “ಹದಿನೈದು ದಿನ ಯಾಕ ಹಾಳು ಮಾಡ್ತಿ? ನಮ್ಮ ಕಾಲೇಜಿನ ಮೇಲ್ ಐಡಿ ಹಾಕಿದ್ರ ಆ ದೊಡ್ಡದೇ ಪುಕ್ಕಟೆ ಕೊಡ್ತಾರ. ವಿದ್ಯಾರ್ಥಿ ಲೈಸೆನ್ಸ್. ಕದ್ದದ್ದಲ್ಲ, ಕಂಪನಿಯೋರೇ ಕೊಡೋದು.”

“ಅದು ಕಲಿಯೋರಿಗೆ ಕೊಡೋದು. ಅದರಾಗ ದುಡೀಬಾರದು ಅಂತ ಮೊದಲೇ ಬರದಾರ, ಓದಿದೇನು?”

“ಅದನ್ನ ಯಾರು ಓದ್ತಾರಕ್ಕಾ?”

ಜುಬೇದಾ ಬೀ ಇನ್ನೊಂದು ರೊಟ್ಟಿ ತಂದು ಮಗನ ತಟ್ಟೆಗೆ ಹಾಕಿದಳು. “ಗ್ಯಾಸು ನಿಮ್ಮಪ್ಪನ ಹೆಸರಿನಾಗೈತಿ, ನಾ ಅಡಿಗಿ ಮಾಡಾಂಗಿಲ್ಲೇನು? ಗಾಡಿ ಇವನ ಹೆಸರಿನಾಗೈತಿ, ನಿಮ್ಮಪ್ಪ ಹತ್ತಾಂಗಿಲ್ಲೇನು? ಮನ್ಯಾಗ ಗಂಡುಮಗ ಅದಾನ, ಅವನ ಹೆಸರಿನಾಗ ಪುಕ್ಕಟೆ ಸಿಗೂವಾಗ ನಿಂದೇನು ತಕರಾರು?”

ಮೆಹನಾಜ ಅಪ್ಪನ ಮುಖ ನೋಡಿದಳು. ಹೈದರಸಾಬ ನೀರು ಕುಡಿದು ಲೋಟ ಕೆಳಗಿಟ್ಟ. ಕದ್ದದ್ದಲ್ಲ, ರೊಕ್ಕವೂ ಇಲ್ಲ, ಮಗಳ ದಿನವೂ ಹಾಳಾಗುವುದಿಲ್ಲ. ಅವನಿಗೆ ಅಷ್ಟೇ ಕಂಡಿತು. “ಹಂಗೇ ಮಾಡು,” ಅಂದ.

ಖಲಂದರ ಊಟವಾದ ಮೇಲೆ ಹತ್ತೇ ನಿಮಿಷದಲ್ಲಿ ಹಾಕಿಕೊಟ್ಟ. ಎಲ್ಲ ಕಡೆ ಅವನ ಹೆಸರು, ಅವನ ಮೇಲ್, ಅವನ ಪಾಸ್‌ವರ್ಡು.

ಏಪ್ರಿಲ್ ಬಂತು. ಮೆಹನಾಜ ಬೆಳಗಿನ ನಮಾಜಿಗೆ ಎದ್ದವಳು ನೀರು ತುಂಬಿ, ಕಸ ಹೊಡೆದು, ಇಪ್ಪತ್ತು ರೊಟ್ಟಿ ಬಡಿದು ಆಮೇಲೆ ಲ್ಯಾಪ್‌ಟಾಪ್ ತೆಗೆಯುತ್ತಿದ್ದಳು. ಕರೆಂಟು ಹೋದರೆ ಬಟ್ಟೆ ಒಗೆಯುವುದು, ಬಂದರೆ ಮತ್ತೆ ಬರೆಯುವುದು. ಆಫೀಸಿಗೆ ಅವಳು ಹೋದದ್ದು ಒಂದೇ ಸಲ. ನಾಲ್ಕು ಜನ ಗಂಡಸರು ಕೂತ ಮಹಡಿಗೆ ಮಗಳನ್ನು ಕಳಿಸಲು ಜುಬೇದಾ ಬೀಗೆ ಮನಸ್ಸಿರಲಿಲ್ಲ. ಶನಿವಾರಕ್ಕೊಮ್ಮೆ ಖಲಂದರನೇ ಲ್ಯಾಪ್‌ಟಾಪ್ ಹೊತ್ತು ಹೋಗಿ, ಆ ವಾರದ ಕೆಲಸ ತೋರಿಸಿ, ಕೆಳಗಿನ ಹೋಟೆಲಿನಲ್ಲಿ ವಗ್ಗರಣಿ-ಮಿರ್ಚಿ ತಿಂದು ಬರುತ್ತಿದ್ದ. ಏನು ಹೇಳಬೇಕೆಂದು ಮೆಹನಾಜ ಒಂದು ಹಾಳೆಯಲ್ಲಿ ಬರೆದು ಕಿಸೆಗೆ ಇಟ್ಟು ಕಳಿಸುತ್ತಿದ್ದಳು.

ಒಂದು ದಿನ ಹೈದರಸಾಬ ಮಧ್ಯಾಹ್ನದ ಊಟಕ್ಕೆ ಬಂದಾಗ ಅವಳು ಕರೆದು ತೋರಿಸಿದಳು. “ನೋಡಪ್ಪಾ. ನಾನು ಹೊಸ ಫೈಲ್ ತೆಗದಾಗೆಲ್ಲ ಇದು ತಲಿ ಮ್ಯಾಲ ಎರಡು ಸಾಲು ತಾನೇ ಬರಕೊಳ್ತೈತಿ. ಬರೆದವರು ಖಲಂದರ. ಕೆಳಗ, ವಿದ್ಯಾರ್ಥಿ ಲೈಸೆನ್ಸ್.”

“ಅಳಿಸಾಕ ಬರಂಗಿಲ್ಲೇನು?”

“ಬರ್ತೈತಿ. ದಿನಾ ಅಳಿಸ್ತೀನಿ. ದಿನಾ ಬರ್ತೈತಿ.”

ಅವನು ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಳ್ಳುತ್ತ ತೆರೆಯನ್ನು ನೋಡಿದ. ಅವನಿಗೆ ಇಂಗ್ಲಿಷ್ ಓದಲು ಬಾರದು, ಮಗನ ಹೆಸರು ಮಾತ್ರ ಗುರುತು ಸಿಕ್ಕಿತು. “ಮ್ಯಾಲಿನ ಸಾಲು ತಾನೆ. ಒಳಗಿನ ಕೆಲಸ ನಿಂದೇ ಅಲ್ಲೇನವ್ವಾ?” ಅಂದ.

ಮೆಹನಾಜ ಆ ಎರಡು ಸಾಲು ಅಳಿಸಿದಳು. “ನಿನ್ನ ಪಾನಾದ ಮ್ಯಾಲ ಹುಲುಗಪ್ಪಣ್ಣನ ಗುರುತು ಹೊಡಿತಾರೇನಪ್ಪಾ?”

“ಅದು ಬ್ಯಾರೆ, ಇದು ಬ್ಯಾರೆ. ಅವನು ಹೊರಗಿನಾವ. ಇವ ನಿನ್ನ ತಮ್ಮ,” ಎಂದು ಹೈದರಸಾಬ ಕೈ ತೊಳೆಯಲು ಎದ್ದ. ಬುದ್ಧಿವಂತ ಮಾತು ಆಡಿದೆ ಅಂದುಕೊಂಡು ಆ ಮಧ್ಯಾಹ್ನ ಅರ್ಧ ರೊಟ್ಟಿ ಹೆಚ್ಚೇ ಉಂಡ.

ಮೇ ತಿಂಗಳಲ್ಲಿ ನಾಗೇಂದ್ರಪ್ಪ ದಿನಕ್ಕೆ ಮೂರು ಸಲ ಫೋನ್ ಮಾಡತೊಡಗಿದ. ಹರಪನಹಳ್ಳಿಯ ದೊಡ್ಡ ವ್ಯಾಪಾರಿಯೊಬ್ಬನಿಗೆ ಹನ್ನೊಂದು ಅಂಗಡಿಗಳಿದ್ದವು, ಅವನು ಈ ಪ್ರೋಗ್ರಾಂ ಕೊಳ್ಳುವವನಿದ್ದ. ಮೆಹನಾಜಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಜುಬೇದಾ ಬೀ ದಿನಾ ಗೊಣಗುತ್ತಿದ್ದಳು. “ಪಲ್ಯಕ್ಕ ಉಪ್ಪು ಹಾಕಿಲ್ಲ, ತಲಿ ಎಲ್ಲೈತಿ ಈಕಿಗೆ? ನಾಳೆ ಕೊಟ್ಟ ಮನ್ಯಾಗ ಲ್ಯಾಪ್‌ಟಾಪ್ ಬೇಯಿಸಿ ಹಾಕ್ತಾಳೇನು?”

“ತಮ್ಮಗ ಒಂದು ಕೊಡ ನೀರು ತರಾಕ ಹೇಳವ್ವಾ. ನನಗ ಒಂದು ತಾಸು ಉಳಿತೈತಿ.”

“ಅವನಿಗೆ ಪರೀಕ್ಷಾ ಐತಿ.”

“ಪರೀಕ್ಷಾ ಐತಿ ಅಂತ ಪುಸ್ತಕಕ್ಕ ಗೊತ್ತೈತೇನು ಕೇಳು,” ಅಂದಳು ಮೆಹನಾಜ. ಖಲಂದರ ಮೊಬೈಲಿನಿಂದ ಕಣ್ಣೆತ್ತದೆ ನಕ್ಕ. ನೀರಿನ ಕೊಡ ಅವಳೇ ತಂದಳು. ತಲೆಯ ಮೇಲಿನ ಎರಡು ಸಾಲು ಅಳಿಸುವುದನ್ನು ಅವಳು ಬಿಟ್ಟದ್ದು ಆ ತಿಂಗಳಲ್ಲೇ. ಇನ್ನೂರಕ್ಕೂ ಹೆಚ್ಚು ಫೈಲುಗಳಿದ್ದವು, ದಿನಕ್ಕೆ ಇಪ್ಪತ್ತನಾಲ್ಕೇ ತಾಸು.

ಜೂನ್ ಮೊದಲ ವಾರ ಪ್ರೋಗ್ರಾಂ ಮುಗಿಯಿತು. ಅಂದು ಅವಳು ಮೊಟ್ಟೆ ಸಾರು ಮಾಡಿದಳು. ಊಟಕ್ಕೆ ಬಡಿಸುತ್ತ, “ಅಪ್ಪಾ, ಆಫೀಸಿಗೆ ಹೋಗಾಕ ನನಗ ಒಂದು ಬ್ಯಾಗ್ ಬೇಕು. ಸಂತ್ಯಾಗ ಸಿಗೋದು ಸಾಕು,” ಅಂದಳು. ಜುಬೇದಾ ಬೀ ಕೂಡ ಬೇಡ ಅನ್ನಲಿಲ್ಲ. ತಿಂಗಳ ಪಗಾರದ ಮುಂದೆ ಮಹಡಿಯ ಗಂಡಸರು ಅವಳಿಗೂ ಸ್ವಲ್ಪ ಸಣ್ಣವರಾಗಿ ಕಂಡಿದ್ದರು.

ಭಾನುವಾರ ಬೆಳಿಗ್ಗೆ ನಾಗೇಂದ್ರಪ್ಪ ತಾನೇ ಮನೆಗೆ ಬಂದ. ಕಂಕುಳಲ್ಲಿ ಒಂದು ಫೈಲಿತ್ತು. ಸಿಹಿ ತಂದಿರಬಹುದೆಂದು ಜುಬೇದಾ ಬೀ ತಟ್ಟೆ ತೆಗೆದಳು. ಅವನು ಚಹದ ಕಪ್ಪನ್ನೂ ಮುಟ್ಟಲಿಲ್ಲ.

“ಕೆಲಸ ಕೆಟ್ಟೈತಿ ಸಾಬ್ರೆ. ಹರಪನಹಳ್ಳಿಯೋರ ಕಂಪ್ಯೂಟರ್ ಮನುಷ್ಯ ಎಲ್ಲ ಫೈಲು ಬಿಚ್ಚಿ ನೋಡ್ಯಾನ. ಅರ್ಧಕ್ಕರ್ಧ ಫೈಲಿನ ಮ್ಯಾಲ ನಿಮ್ಮ ಹುಡುಗನ ಹೆಸರು, ಅದರ ಕೆಳಗ ವಿದ್ಯಾರ್ಥಿ ಲೈಸೆನ್ಸ್. ‘ಕಲಿಯೋರ ಲೈಸೆನ್ಸಿನಾಗ ದುಡ್ಡಿಗೆ ಕೆಲಸ ಮಾಡಿಸೀರೇನು’ ಅಂತ ಕೇಳಿದ. ನಾನು ಏನು ಹೇಳ್ಲಿ?”

ಮೆಹನಾಜ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಬರದಾಕಿ ನಾನು ಅಂತ ನಿಮಗ ಗೊತ್ತೈತಲ್ರಿ. ರೊಕ್ಕ ನನಗ ಹಾಕೀರಿ.”

“ನನಗ ಗೊತ್ತಿರೋದೇ ತ್ರಾಸು ನೋಡವ್ವಾ. ನೀನು ಬರದಿ ಅಂದ್ರ ನಾನು ರೊಕ್ಕ ಕೊಟ್ಟು ಬರೆಸಿದ್ದು ಆತು, ಅದು ಕಳ್ಳ ಕೆಲಸ ಆತು, ಅವರು ಮುಟ್ಟಂಗಿಲ್ಲ. ಕಾಲೇಜಿಗೆ ಒಂದು ಮೇಲ್ ಹಾಕಿದ್ರ ಹುಡುಗನ ಡಿಗ್ರಿಗೂ ಕುತ್ತು. ಇವನು ಬರದಾನ, ಕಲಿಯೋವಾಗ ಬರದಾನ, ಈಗ ನನಗ ಒಪ್ಪಿಸ್ಯಾನ ಅಂದ್ರ ದಾರಿ ಐತಿ. ಬರದಾವಗೇ ಕೆಲಸ ಕೊಡ್ರಿ ಅಂದಾರ ಅವರು. ಕಾಯಂ ಕೆಲಸ ಇವನಿಗೇ ಕೊಡ್ತೀನಿ. ರೊಕ್ಕ ಕಟ್ಟಿ ಇವನ ಹೆಸರಿಗೆ ಖರೇ ಲೈಸೆನ್ಸ್ ಕೊಳ್ತೀನಿ. ನಿನ್ನ ಬಾಕಿನೂ ಮನಿಗೇ ಬರ್ತೈತಿ.”

“ಹದಿನೈದು ದಿನ ಕೊಡ್ರಿ,” ಅಂದಳು ಮೆಹನಾಜ. “ಪುಕ್ಕಟೆ ಎಡಿಟರಿನಾಗ ಎಲ್ಲಾ ಮತ್ತ ಬರೀತೀನಿ, ನನ್ನ ಹೆಸರಿನಾಗ. ಒಂದು ಪೈಸೆ ಕೇಳಂಗಿಲ್ಲ.”

“ಮಳಿ ಬಿದ್ದೈತವ್ವಾ, ಅಂಗಡಿ ಮುಂದ ಗೊಬ್ಬರಕ್ಕ ಪಾಳಿ ನಿಂತಾರ. ಅವರಿಗೆ ಇವತ್ತೇ ಉತ್ತರ ಬೇಕು.” ನಾಗೇಂದ್ರಪ್ಪ ಹೈದರಸಾಬನ ಕಡೆ ತಿರುಗಿದ. “ನೀವು ಮನಿ ಹಿರೇರು. ಒಂದು ಮಾತು ಹೇಳಿಬಿಡ್ರಿ ಸಾಬ್ರೆ. ಬರದವರು ಯಾರು?”

ಎಲ್ಲರೂ ಹೈದರಸಾಬನನ್ನೇ ನೋಡಿದರು. ಖಲಂದರನ ಮುಖ ಬೂದಿಯಾಗಿತ್ತು, ಆ ದಿನ ಅವನು ನಗಲಿಲ್ಲ. “ಕಾಲೇಜಿನಿಂದ ಹೊರಗ ಹಾಕಿದ್ರ ನಾನು ಏನು ಮಾಡ್ಲೆಪ್ಪಾ?” ಎಂದು ಸಣ್ಣ ಹುಡುಗನಂತೆ ಅಂದ. ಜುಬೇದಾ ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಆಕಿ ನಾಳೆ ಕೊಟ್ಟ ಮನಿಗೆ ಹೋಗಾಕಿ. ಇವ ಇಲ್ಲೇ ಇರಾವ. ಹೇಳ್ರಿ,” ಅಂದಳು. ಅಪ್ಪನ ಮೇಲೆ ಮೆಹನಾಜಳಿಗೆ ಇನ್ನೂ ನಂಬಿಕೆ ಇತ್ತು.

ಹೈದರಸಾಬ ನೆಲ ನೋಡಿದ.

“ಮಗ ಬರದಾನ್ರಿ,” ಅಂದ.

ಕಾಗದ ಮೊದಲೇ ಟೈಪಾಗಿ ಬಂದಿತ್ತು. ಖಲಂದರ ಒಂದು ಕಡೆ ಸಹಿ ಮಾಡಿದ, ಸಾಕ್ಷಿ ಎಂದು ಹೈದರಸಾಬ ಸಹಿ ಮಾಡಿದ. ಈ ಕೆಲಸದಲ್ಲಿ ನನ್ನ ಪಾತ್ರವೇನೂ ಇಲ್ಲ ಎನ್ನುವ ಸಾಲಿನ ಕೆಳಗೆ ಮೆಹನಾಜ ಸಹಿ ಮಾಡಬೇಕಿತ್ತು. ಅವಳು ಕೈ ಒರೆಸಿಕೊಂಡು ಬಂದಳು, ಪೂರ್ತಿ ಓದಿದಳು, ಸಹಿ ಹಾಕಿದಳು. ಆಮೇಲೆ ಲ್ಯಾಪ್‌ಟಾಪನ್ನು ಬಟ್ಟೆಯಿಂದ ಒರೆಸಿ, ಚಾರ್ಜರಿನ ವೈರು ಸುತ್ತಿ ತಮ್ಮನ ಕೈಗೆ ಕೊಟ್ಟಳು. “ಆಫೀಸಿಗೆ ಬೇಕಾಗ್ತೈತಿ. ಒಯ್ಯಿ.”

ಸಂತೆಯಿಂದ ಹೈದರಸಾಬ ತಂದಿದ್ದ ಬ್ಯಾಗಿನಲ್ಲೇ ಅದು ಹೋಯಿತು.

ಆಮೇಲೆ ಮನೆಯಲ್ಲಿ ಜಗಳವೇ ಆಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಮೆಹನಾಜ ನೀರು ತುಂಬಿದಳು, ರೊಟ್ಟಿ ಬಡಿದಳು, ಕೇಳಿದ್ದಕ್ಕೆ ಹೂಂ ಅಂದಳು. ಪರೀಕ್ಷೆ ಮುಗಿಸಿದ್ದ ಖಲಂದರ ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗಿ ಬರತೊಡಗಿದ. ಬಂದವನು ಊಟ ಸೇರದೆ ಮಲಗುತ್ತಿದ್ದ. ಮೂರನೇ ದಿನ ಅಕ್ಕನ ಹತ್ತಿರ ಕೂತು, “ಅಕ್ಕಾ, ಆ ಸಾಲದ ಬಿಲ್ಲಿನ ಲೆಕ್ಕ ಎಲ್ಲಿ ಬರ್ತೈತಿ? ಸ್ವಲ್ಪ ಹೇಳು,” ಅಂದ. “ನನಗೇನು ಗೊತ್ತೋ? ನನ್ನ ಪಾತ್ರ ಇಲ್ಲಂತ ಬರಕೊಟ್ಟೀನಲ್ಲ,” ಅಂದಳು. ಸಿಟ್ಟಿನಿಂದೇನೂ ಅನ್ನಲಿಲ್ಲ.

ಹೈದರಸಾಬ ಒಂದು ಸಂಜೆ ಮೆಲ್ಲಗೆ ಮಾತು ತೆಗೆದ. “ಇನ್ನೊಂದು ಲ್ಯಾಪ್‌ಟಾಪ್ ಕೊಡಿಸ್ತೀನವ್ವಾ. ಆ ಹನ್ನೆರಡು ಸಾವಿರದ್ದೂ ಹಾಕ್ಸೋಣ, ನಿನ್ನ ಹೆಸರಿಗೇ.”

“ಬ್ಯಾಡಪ್ಪಾ. ನಾನು ಅವತ್ತೂ ಪುಕ್ಕಟೆದು ಸಾಕು ಅಂದಿದ್ದೆ.”

ಜುಲೈ ಮೊದಲ ವಾರ. ಮಧ್ಯಾಹ್ನ ಹೈದರಸಾಬ ಊಟಕ್ಕೆ ಕೂತಿದ್ದ. ಜುಬೇದಾ ಬೀ ತಂಗಿಯ ಮನೆಗೆ ಕೂಡ್ಲಿಗಿಗೆ ಹೋಗಿದ್ದಳು. ಮೆಹನಾಜ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೈದರಸಾಬನ ಫೋನ್ ಹೊಡೆದುಕೊಂಡಿತು.

“ಅಪ್ಪಾ, ಅಕ್ಕಗ ಕೊಡು,” ಖಲಂದರನ ಧ್ವನಿ ಅಳುವಂತಿತ್ತು. “ಕೊಟ್ಟೂರಿನ ಅಂಗಡ್ಯಾಗ ಸ್ಟಾಕು ಇದ್ರೂ ಇಲ್ಲ ಅಂತ ತೋರಿಸ್ತೈತಿ. ರೈತರು ಗಲಾಟಿ ಎಬ್ಬಿಸ್ಯಾರ. ನನಗ ತಿಳಿವಲ್ದು.”

ಹೈದರಸಾಬ ಫೋನನ್ನು ಮಗಳ ಕಡೆ ಚಾಚಿದ. ಅವಳು ಹಿಟ್ಟಿನ ಕೈ ತೋರಿಸಿ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಆ ಕಡೆ ನಾಗೇಂದ್ರಪ್ಪನೇ ಫೋನ್ ಕಸಿದುಕೊಂಡಿದ್ದ.

“ಸಾಬ್ರೆ, ಹರಪನಹಳ್ಳಿಯೋರು ಇಲ್ಲೇ ಬಂದು ಕುಂತಾರ. ‘ತಾನೇ ಬರದದ್ದು ತನಗೇ ತಿಳಿವಲ್ದೇನು’ ಅಂತ ಹುಡುಗನ್ನ ಕೇಳಾಕ ಹತ್ಯಾರ. ನಿಮ್ಮ ಮಗಳಿಗೆ ಕೊಡ್ರಿ, ಒಂದೇ ನಿಮಿಷ. ಆಕಿ ಅದಾಳಲ್ಲ?”

ಫೋನಿನ ಮಾತು ಅಡುಗೆಮನೆಗೆಲ್ಲ ಕೇಳುತ್ತಿತ್ತು. ಮೆಹನಾಜ ಬಡಿಯುವುದನ್ನು ನಿಲ್ಲಿಸಿ ಅಪ್ಪನ ಕಡೆ ತಿರುಗಿದಳು. ಒಂದು ತಿಂಗಳಲ್ಲಿ ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ಬರದವರು ಯಾರು ಅಂತ ಅವರಿಗೆ ಹೇಳಪ್ಪಾ,” ಅಂದಳು ಸಣ್ಣ ಧ್ವನಿಯಲ್ಲಿ. “ಒಂದು ಸಲ ಹೇಳು. ಹೇಳಿ ಫೋನ್ ಕೊಡು, ಎರಡು ನಿಮಿಷದಾಗ ಸರಿ ಮಾಡ್ತೀನಿ. ಎಲ್ಲಿ ಕೆಟ್ಟೈತಿ ಅಂತ ನನಗ ಗೊತ್ತೈತಿ.”

ಹೈದರಸಾಬ ಬಾಯಿ ತೆರೆದ. ಸಹಿ ಮಾಡಿದ ಕಾಗದ ಕಣ್ಣ ಮುಂದೆ ಬಂತು, ಆ ಆಫೀಸಿನಲ್ಲಿ ಹೊರಗಿನವರ ಮುಂದೆ ನಿಂತ ಮಗ ಬಂದ. ಎದುರಿಗೆ ಮಗಳು ಕಾಯುತ್ತಿದ್ದಳು. ಬೀದಿಯಲ್ಲಿ ಹುಲುಗಪ್ಪನ ಕೊರಳಪಟ್ಟಿಗೆ ಕೈ ಹಾಕಿದವನು ಅವನೇ.

“ಸಾಬ್ರೆ? ಕೇಳಸ್ತೈತೇನು? ಮಗಳು ಅದಾಳೇನ್ರಿ?”

“ಇಲ್ರಿ,” ಅಂದ ಹೈದರಸಾಬ. “ಆಕಿ ಮನ್ಯಾಗಿಲ್ರಿ.”

ಫೋನ್ ಇಟ್ಟ. ತಲೆ ಎತ್ತಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಮೆಹನಾಜ ಹಂಚಿನ ಮೇಲಿನದನ್ನು ಎರಡೂ ಕಡೆ ಬೇಯಿಸಿದಳು, ಅಂಚು ಒತ್ತಿ ನೋಡಿದಳು, ಎದ್ದು ಬಂದು ಅಪ್ಪನ ತಟ್ಟೆಗೆ ಹಾಕಿದಳು.

“ಮನ್ಯಾಗ ಇಲ್ಲದಾಕಿ ಬಡಿದ ರೊಟ್ಟಿ. ಬಿಸಿ ಐತಿ, ಉಣ್ಣಪ್ಪಾ,” ಅಂದಳು.

ಹೈದರಸಾಬ ಉಂಡ.